ದಾದರ್‌ನ ಬಟಾಣಿ, ಕಂಪ್ಯೂಟರಿನ ಚೆಂಡು

ದಾದರ್‌ನಲ್ಲಿ ವೆಸ್ಟರ್ನ್ ಲೈನಿಂದ ಸೆಂಟ್ರಲ್ ಲೈನಿಗೆ ಓಡೋ ನಮ್ಮವರು ಒಂದ್ಸಲ ಈಸ್ಟ್ ಕಡೆ ಹೊರಗೆ ಬನ್ನಿ. ಅಲ್ಲಿರೋ ದಾದಾಸಾಹೇಬ್ ಫಾಲ್ಕೆ ರಸ್ತೆ ಹಿಂದೆ ದಾದರ್ ಮೇನ್ ರೋಡ್ ಆಗಿತ್ತು. 1912ರಲ್ಲಿ ಫಾಲ್ಕೆ ಸಂಸಾರ ಸಮೇತ ಈ ರಸ್ತೆಗೆ ಬಂದರು. 1913ರ 'ರಾಜಾ ಹರಿಶ್ಚಂದ್ರ' ಎಲ್ಲರಿಗೂ ಗೊತ್ತು. ನಾನು ಹೇಳೋದು ಅದಕ್ಕೂ ಮೊದಲಿನ ಬಟಾಣಿ ಗಿಡದ ಕಥೆ.

ಸಿನಿಮಾಕ್ಕೆ ದುಡ್ಡು ಬೇಕಿತ್ತು. ಫಾಲ್ಕೆ ಕುಂಡದಲ್ಲಿ ಬಟಾಣಿ ಬಿತ್ತಿ, ತಿಂಗಳಿಗೂ ಹೆಚ್ಚು ಕಾಲ ಒಂದೊಂದೇ ಫ್ರೇಮ್ ತೆಗೆದರು. ಪರದೆ ಮೇಲೆ ಸುಮಾರು ಒಂದೇ ನಿಮಿಷದಲ್ಲಿ ಬೀಜ ಒಡೆದು ಬಳ್ಳಿಯಾಯ್ತು. ಅದನ್ನ ನೋಡಿದವರು ಸಾಲ ಕೊಡೋಕೆ ಮುಂದೆ ಬಂದರು.

ಗಿಡವೇನೋ ತಾನಾಗಿ ಬೆಳೀತು. 1915ರಲ್ಲಿ ಫಾಲ್ಕೆ ಬೆಂಕಿಕಡ್ಡಿಗಳನ್ನ ಕುಣಿಸೋ ಚಿತ್ರ ಮಾಡಿದರು. ಕಡ್ಡಿ ತಾನಾಗಿ ಅಲ್ಲಾಡಲ್ಲ. ಪ್ರತಿ ಫ್ರೇಮಿಗೂ ಕೈಯಿಂದ ಸರಿಸಬೇಕು. ಎಷ್ಟು ಸರಿಸಬೇಕು? ಅನಿಮೇಶನ್ ವಿದ್ಯೆಯ ಬೇರು ಈ ಪ್ರಶ್ನೆಯಲ್ಲೇ ಇದೆ.

ಅದಕ್ಕೇ ಇವತ್ತಿಗೂ ಮೊದಲ ಪಾಠ ಪುಟಿಯೋ ಚೆಂಡು. 120 ಸೆಂ.ಮೀ. ಎತ್ತರದಿಂದ ಬಿಟ್ಟ ಚೆಂಡು ನೆಲ ಮುಟ್ಟೋಕೆ ಸುಮಾರು ಅರ್ಧ ಸೆಕೆಂಡ್, ಅಂದ್ರೆ 12 ಫ್ರೇಮ್. ಕಂಪ್ಯೂಟರಿಗೆ ಮೇಲಿನ, ಕೆಳಗಿನ ಎರಡು ಕೀಫ್ರೇಮ್ ಮಾತ್ರ ಕೊಟ್ಟು 'ಲೀನಿಯರ್' ಅಂದ್ರೆ, ಫ್ರೇಮಿಗೆ 10 ಸೆಂ.ಮೀ.ನಂತೆ ಲಿಫ್ಟ್ ಥರ ಇಳಿಸುತ್ತೆ. ನಿಜವಾದ ಚೆಂಡು ಹಾಗೆ ಬೀಳಲ್ಲ. ಮೊದಲ ಮೂರು ಫ್ರೇಮಲ್ಲಿ 7.5 ಸೆಂ.ಮೀ., ಆಮೇಲಿನ ಮೂರರಲ್ಲಿ 22.5, ನಂತರ 37.5, ಕೊನೆಗೆ 52.5. ಗೆಲಿಲಿಯೋ ಕಂಡುಕೊಂಡ 1, 3, 5, 7ರ ಲೆಕ್ಕ ಇದು. ಏರುವಾಗ ಇದೇ ಲೆಕ್ಕ ತಿರುಗಾಮುರುಗಾ. ಪ್ರತಿ ಪುಟಿತದಲ್ಲೂ ಎತ್ತರದ ಜತೆಗೆ ಸಮಯವೂ ಕಮ್ಮಿ ಆಗಬೇಕು.

ನೆಲ ಮುಟ್ಟಿದಾಗ ಒಂದೆರಡು ಫ್ರೇಮ್ ಚಪ್ಪಟೆ ಮಾಡಿದ್ರೆ ರಬ್ಬರ್ ಅನ್ಸುತ್ತೆ. ಎತ್ತರ ಕುಗ್ಗಿದಷ್ಟೂ ಅಡ್ಡಕ್ಕೆ ಹಿಗ್ಗಬೇಕು, ಇಲ್ಲದಿದ್ರೆ ಚೆಂಡೇ ಸಣ್ಣದಾದ ಹಾಗೆ ಕಾಣುತ್ತೆ. ಡಿಸ್ನಿ ಕಲಾವಿದರು ಕೈಯಲ್ಲಿ ಬರೆದು ರೂಢಿಸಿಕೊಂಡ ಇಂಥ ಸೂತ್ರಗಳು ಕಂಪ್ಯೂಟರಿಗೂ ಬೇಕು ಅಂತ ಪಿಕ್ಸಾರ್‌ನ ಜಾನ್ ಲ್ಯಾಸೆಟರ್ 1987ರಲ್ಲಿ ಪ್ರಬಂಧವನ್ನೇ ಬರೆದರು.

ನಮ್ಮಲ್ಲಿ ಎಷ್ಟೋ ಜನ ಸಿಎಸ್‌ಎಸ್‌ನಲ್ಲಿ 'ಈಸ್-ಇನ್' ಅಂತ ಟೈಪ್ ಮಾಡಿ ಮುಂದೆ ಹೋಗ್ತೀವಿ. ನಿಧಾನಕ್ಕೆ ಹೊರಟು ವೇಗ ಹಿಡಿಯೋದು ಅಂದ್ರೆ ಬೀಳೋ ಚೆಂಡಿನ ಗುಣವೇ. ನಡುವಿನ ಫ್ರೇಮುಗಳನ್ನ ಈಗ ಯಂತ್ರ ತುಂಬುತ್ತೆ, ಸರಿ. ಆದರೆ ಎಲ್ಲಿ ತಡೆಯಬೇಕು, ಎಲ್ಲಿ ಓಡಬೇಕು ಅನ್ನೋದನ್ನ, ಕಡ್ಡಿ ಸರಿಸಿದ ಕೈಯ ಹಾಗೆ, ಈಗಲೂ ನಾವೇ ಹೇಳಬೇಕು.

ಮುಂದಿನ ವೀಡಿಯೊದಲ್ಲಿ ಸಿಗೋಣ.