ಯಾದಗಿರಿ ಜಿಲ್ಲೆಯಲ್ಲಿ ತೀವ್ರ ಗಾಯಾಳುಗಳ ತುರ್ತು ಚಿಕಿತ್ಸೆ

ತೀವ್ರ ಗಾಯಾಳುಗಳ ತುರ್ತು ಚಿಕಿತ್ಸೆ ಎಂದರೆ ರಸ್ತೆ ಅಪಘಾತ, ಎತ್ತರದಿಂದ ಬೀಳುವುದು, ಕೃಷಿ ಯಂತ್ರಗಳ ಅವಘಡ ಮುಂತಾದವುಗಳಿಂದ ಪ್ರಾಣಾಪಾಯಕ್ಕೊಳಗಾದವರಿಗೆ ಘಟನಾ ಸ್ಥಳದಿಂದ ಶಸ್ತ್ರಚಿಕಿತ್ಸೆಯವರೆಗೆ ಹಂತಹಂತವಾಗಿ ದೊರೆಯುವ ಆರೈಕೆ. ಯಾದಗಿರಿ, ಶಹಾಪುರ ಮತ್ತು ಸುರಪುರ ತಾಲ್ಲೂಕುಗಳಲ್ಲಿ ಆಸ್ಪತ್ರೆಗಳ ನಡುವಿನ ದೂರ ಹೆಚ್ಚಾಗಿರುವುದರಿಂದ, ಸಾಗಣೆಯ ವೇಗದಷ್ಟೇ ಸಾಗಣೆಗೆ ಮುನ್ನ ದೊರೆಯುವ ಚಿಕಿತ್ಸೆಯೂ ಮುಖ್ಯವಾಗುತ್ತದೆ.

ಹಿನ್ನೆಲೆ

ಯಾದಗಿರಿಯು 2009ರ ಡಿಸೆಂಬರ್ 30ರಂದು ಗುಲ್ಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು. ಶಹಾಪುರ ಮತ್ತು ಸುರಪುರಗಳ ಮೂಲಕ ರಾಷ್ಟ್ರೀಯ ಹೆದ್ದಾರಿ 150ಎ, ಯಾದಗಿರಿಯ ಮೂಲಕ ರಾಷ್ಟ್ರೀಯ ಹೆದ್ದಾರಿ 150 ಹಾದುಹೋಗುತ್ತವೆ. ಶಹಾಪುರ, ಸುರಪುರಗಳಲ್ಲಿ ತಾಲ್ಲೂಕು ಆಸ್ಪತ್ರೆಗಳೂ ಯಾದಗಿರಿಯಲ್ಲಿ ಜಿಲ್ಲಾ ಆಸ್ಪತ್ರೆಯೂ ಇವೆ. ಯಾದಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ 2022–23ರಿಂದ ಎಂಬಿಬಿಎಸ್ ಶಿಕ್ಷಣ ಆರಂಭವಾಯಿತು. ಹೆಚ್ಚಿನ ಚಿಕಿತ್ಸೆಗೆ ಗಾಯಾಳುಗಳನ್ನು ಕಲಬುರಗಿ ಅಥವಾ ರಾಯಚೂರಿಗೆ ಕಳುಹಿಸುವ ರೂಢಿಯಿದೆ. ಸುರಪುರದಿಂದ ಕಲಬುರಗಿಗೆ ರಸ್ತೆಯಲ್ಲಿ ಸುಮಾರು 100 ಕಿ.ಮೀ. ದೂರವಿದೆ.

ಸಮಯದ ಮಹತ್ವ

ಗಾಯವಾದ ನಂತರದ ಮೊದಲ ಒಂದು ಗಂಟೆಯನ್ನು ‘ಸುವರ್ಣ ಗಂಟೆ’ ಎನ್ನುತ್ತಾರೆ. ಈ ಪರಿಕಲ್ಪನೆಯನ್ನು ಅಮೆರಿಕದ ಬಾಲ್ಟಿಮೋರ್‌ನ ಶಸ್ತ್ರವೈದ್ಯ ಆರ್. ಆಡಮ್ಸ್ ಕೌಲಿ ಪ್ರಚುರಪಡಿಸಿದರು. ಭಾರತದಲ್ಲಿ 2019ರ ಮೋಟಾರು ವಾಹನ (ತಿದ್ದುಪಡಿ) ಕಾಯ್ದೆ ಇದಕ್ಕೆ ಕಾನೂನಿನ ವ್ಯಾಖ್ಯೆ ನೀಡಿದೆ. ಒಂದು ಗಂಟೆಯು ಎಲ್ಲ ಗಾಯಗಳಿಗೂ ಸಮಾನವಾಗಿ ಅನ್ವಯಿಸುವ ಗಡಿಯಲ್ಲ. ಶ್ವಾಸಮಾರ್ಗ ಮುಚ್ಚಿದರೆ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸಬಹುದು. ರಕ್ತಸ್ರಾವವನ್ನು ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲವನ್ನು ಗಾಯವಾದ 3 ಗಂಟೆಗಳೊಳಗೆ ಕೊಡಬೇಕು.

ಚಿಕಿತ್ಸೆಯ ಗುಣಮಟ್ಟ

ಮೊದಲು ತಲುಪುವ ಆಸ್ಪತ್ರೆಯಲ್ಲಿ ಶ್ವಾಸಮಾರ್ಗ, ಉಸಿರಾಟ, ರಕ್ತಪರಿಚಲನೆ ಮತ್ತು ಪ್ರಜ್ಞೆಯ ಸ್ಥಿತಿಯನ್ನು ಇದೇ ಕ್ರಮದಲ್ಲಿ ಪರೀಕ್ಷಿಸಲಾಗುತ್ತದೆ. ಹೊರಗಿನ ರಕ್ತಸ್ರಾವ ನಿಲ್ಲಿಸುವುದು, ಆಮ್ಲಜನಕ ನೀಡುವುದು, ಎದೆಗೂಡಿನಲ್ಲಿ ಒತ್ತಡದಿಂದ ತುಂಬಿಕೊಂಡ ಗಾಳಿಯನ್ನು ಹೊರತೆಗೆಯುವುದು, ಮುರಿದ ಮೂಳೆಗೆ ಪಟ್ಟಿ ಕಟ್ಟಿ ಅಲುಗದಂತೆ ಮಾಡುವುದು ಈ ಹಂತದ ಮುಖ್ಯ ಕ್ರಮಗಳು. ಇವನ್ನು ಮಾಡದೆ ಗಾಯಾಳುವನ್ನು ದೂರದ ಆಸ್ಪತ್ರೆಗೆ ಕಳುಹಿಸಿದರೆ ದಾರಿಯಲ್ಲೇ ಸ್ಥಿತಿ ಬಿಗಡಾಯಿಸಬಹುದು. ಶಸ್ತ್ರಚಿಕಿತ್ಸೆ ಅಗತ್ಯವೆಂದು ತಿಳಿದ ಮೇಲೆ ಅನಗತ್ಯ ಪರೀಕ್ಷೆಗಳಿಗಾಗಿ ತಡೆದಿರಿಸುವುದೂ ಅಷ್ಟೇ ಹಾನಿಕರ. ಸ್ವೀಕರಿಸುವ ಆಸ್ಪತ್ರೆಗೆ ಮುಂಚಿತವಾಗಿ ಕರೆ ಮಾಡಿದರೆ ಅಲ್ಲಿ ರಕ್ತ ಮತ್ತು ಶಸ್ತ್ರಚಿಕಿತ್ಸಾ ಕೊಠಡಿಯನ್ನು ಸಿದ್ಧಪಡಿಸಲು ಕಾಲಾವಕಾಶ ಸಿಗುತ್ತದೆ.

ಸರ್ಕಾರಿ ಸೇವೆ ಮತ್ತು ಕಾನೂನು

ಕರ್ನಾಟಕದಲ್ಲಿ ‘ಆರೋಗ್ಯ ಕವಚ’ ಹೆಸರಿನ 108 ಆಂಬ್ಯುಲೆನ್ಸ್ ಸೇವೆ 2008ರ ನವೆಂಬರ್‌ನಲ್ಲಿ ಆರಂಭವಾಯಿತು. ಗಾಯಾಳುವಿನ ಪ್ರಾಣ ಉಳಿಸುವುದು ಸರ್ಕಾರಿ ಮತ್ತು ಖಾಸಗಿ ವೈದ್ಯರೆಲ್ಲರ ಕರ್ತವ್ಯ, ಪೊಲೀಸ್ ಔಪಚಾರಿಕತೆಗಳಿಗಾಗಿ ಚಿಕಿತ್ಸೆ ತಡೆಯಬಾರದು ಎಂದು ಸುಪ್ರೀಂ ಕೋರ್ಟ್ 1989ರಲ್ಲಿ ಪರಮಾನಂದ ಕಟಾರಾ ಪ್ರಕರಣದಲ್ಲಿ ತೀರ್ಪು ನೀಡಿತು. ಸದುದ್ದೇಶದಿಂದ ನೆರವಾದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಕ್ಷಣೆ ಒದಗಿಸುತ್ತದೆ. ತಮ್ಮ ಹೆಸರು, ವಿಳಾಸ ತಿಳಿಸುವಂತೆ ಅವರನ್ನು ಒತ್ತಾಯಿಸುವಂತಿಲ್ಲ. ಕೇಂದ್ರ ಸರ್ಕಾರದ 2025ರ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುವಿಗೆ 7 ದಿನಗಳವರೆಗೆ ಗರಿಷ್ಠ 1.5 ಲಕ್ಷ ರೂಪಾಯಿಗಳ ನಗದುರಹಿತ ಚಿಕಿತ್ಸೆ ಲಭ್ಯವಿದೆ.

ಸ್ಥಳದಲ್ಲಿರುವವರ ಪಾತ್ರ

ಆಂಬ್ಯುಲೆನ್ಸ್ ಬರುವವರೆಗೆ ರಕ್ತ ಸುರಿಯುತ್ತಿರುವ ಜಾಗವನ್ನು ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಬೇಕು. ಕುತ್ತಿಗೆ ಮತ್ತು ಬೆನ್ನು ತಿರುಚದಂತೆ ನೋಡಿಕೊಳ್ಳಬೇಕು. ಪ್ರಜ್ಞೆ ತಪ್ಪಿದವರಿಗೆ ನೀರು ಕುಡಿಸಬಾರದು.