ಹಳೆಯ ಫಿಲ್ಮುಗಳ ಸ್ಕ್ಯಾನಿಂಗ್: ಕಡತದ ಗಾತ್ರವನ್ನು ಹತೋಟಿಯಲ್ಲಿಡುವ ಬಗೆ

ಮದುವೆ, ಉಪನಯನ, ಊರ ಜಾತ್ರೆಗಳ ನೆಗೆಟಿವ್‌ಗಳು ಇಂದಿಗೂ ಅನೇಕ ಮನೆಗಳ ಕಪಾಟುಗಳಲ್ಲಿವೆ. ಅಸಿಟೇಟ್ ಆಧಾರದ ಫಿಲ್ಮು ಸೆಕೆ ಮತ್ತು ತೇವಾಂಶಕ್ಕೆ ಬೇಗ ಶಿಥಿಲವಾಗುತ್ತದೆ. ಮುಂಬಯಿ, ಚೆನ್ನೈಗಳಂತಹ ಕಡಲತಡಿಯ ನಗರಗಳಲ್ಲಿ ಈ ಅಪಾಯ ಹೆಚ್ಚು. ಡಬ್ಬಿ ತೆರೆದೊಡನೆ ವಿನೆಗರ್‌ನಂತಹ ಹುಳಿ ವಾಸನೆ ಬಂದರೆ ಕ್ಷಯ ಆರಂಭವಾಗಿದೆಯೆಂದೇ ತಿಳಿಯಬೇಕು. ಅಂತಹ ಸುರುಳಿಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಮೊದಲು ಅವನ್ನೇ ಸ್ಕ್ಯಾನ್ ಮಾಡುವುದು ಲೇಸು.

ಉತ್ಸಾಹದಿಂದ ಆರಂಭಿಸಿದ ಈ ಕೆಲಸವನ್ನು ನಡುವೆಯೇ ನಿಲ್ಲಿಸುವುದು ಬಹುಮಟ್ಟಿಗೆ ಕಡತಗಳ ಗಾತ್ರ. ಯಂತ್ರ ನೀಡುವ ಗರಿಷ್ಠ ಮಟ್ಟದಲ್ಲಿಯೇ ಎಲ್ಲವನ್ನೂ ಸ್ಕ್ಯಾನ್ ಮಾಡಿದರೆ ಎರಡು ಸುರುಳಿ ಮುಗಿಯುವಷ್ಟರಲ್ಲಿ ಬೇಸರ ಬರುತ್ತದೆ.

ಲೆಕ್ಕ ಸರಳವಾಗಿದೆ. ಡಿಪಿಐ ಎಂದರೆ ಒಂದು ಇಂಚಿನಲ್ಲಿ ಯಂತ್ರವು ಓದುವ ಬಿಂದುಗಳ ಸಂಖ್ಯೆ. 35 ಮಿಲಿಮೀಟರ್ ಫಿಲ್ಮಿನ ಒಂದು ಚಿತ್ರದ ಅಳತೆ 24x36 ಮಿಲಿಮೀಟರ್. ಅದನ್ನು 4000 ಡಿಪಿಐನಲ್ಲಿ, 48 ಬಿಟ್ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಸುಮಾರು 128 ಮೆಗಾಬೈಟ್ ಆಗುತ್ತದೆ. 36 ಚಿತ್ರಗಳ ಒಂದೇ ಸುರುಳಿಗೆ 4.6 ಗಿಗಾಬೈಟ್, ಅಂದರೆ ಹೆಚ್ಚುಕಡಿಮೆ ಒಂದು ಡಿವಿಡಿ. ಅದೇ ಚಿತ್ರ 2400 ಡಿಪಿಐ, 24 ಬಿಟ್‌ನಲ್ಲಿ ಕೇವಲ 23 ಮೆಗಾಬೈಟ್. ಡಿಪಿಐ ಅರ್ಧಕ್ಕಿಳಿದರೆ ಗಾತ್ರ ಕಾಲುಭಾಗಕ್ಕಿಳಿಯುತ್ತದೆಂಬುದನ್ನು ನೆನಪಿಡಬೇಕು. 2400 ಡಿಪಿಐನಿಂದ 11x7 ಇಂಚಿನ ಉತ್ತಮ ಮುದ್ರಣ ದೊರೆಯುತ್ತದೆ. ಮನೆಯ ಆಲ್ಬಮ್ಮಿಗೆ ಇದು ಧಾರಾಳವಾಯಿತು.

ನಮ್ಮ ಹಿರಿಯರಲ್ಲಿ ಹಲವರ ಕೈಯಲ್ಲಿದ್ದುದು ಅಗ್ಫಾ ಕ್ಲಿಕ್ 3 ಕ್ಯಾಮೆರಾ. ಅದರೊಳಗೆ 120 ಅಳತೆಯ ಫಿಲ್ಮು, ಎಷ್ಟೋ ವೇಳೆ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ತಯಾರಿಸುತ್ತಿದ್ದ 'ಇಂದು' ಸುರುಳಿ. ಇದರ ಚಿತ್ರ ಸುಮಾರು 56 ಮಿಲಿಮೀಟರ್‌ಗಳ ಚೌಕ. 4000 ಡಿಪಿಐ, 48 ಬಿಟ್‌ನಲ್ಲಿ ಇಂತಹ ಒಂದೇ ಚಿತ್ರ 467 ಮೆಗಾಬೈಟ್ ನುಂಗುತ್ತದೆ! ಆ ಕ್ಯಾಮೆರಾದ ಸರಳ ಮಸೂರ ಅಷ್ಟು ವಿವರವನ್ನು ಫಿಲ್ಮಿನ ಮೇಲೆ ಮೂಡಿಸಿಯೇ ಇರುವುದಿಲ್ಲ. ಹಿರಿದಾಗುವುದು ಫಿಲ್ಮಿನ ಕಣಗಳು ಮಾತ್ರ. 1200 ಡಿಪಿಐ, 16 ಬಿಟ್ ಗ್ರೇಸ್ಕೇಲ್ ಸಾಕು: 14 ಮೆಗಾಬೈಟ್, ಎಂಟು ಇಂಚು ಚೌಕದ ಮುದ್ರಣ. ಸ್ಟುಡಿಯೋದವರು ಒಳ್ಳೆಯ ಮಸೂರದಿಂದ, ಕ್ಯಾಮೆರಾವನ್ನು ಮುಕ್ಕಾಲಿಯ ಮೇಲಿರಿಸಿ ತೆಗೆದ ಕುಟುಂಬಚಿತ್ರವಾದರೆ ಮಾತು ಬೇರೆ. ಅಲ್ಲಿ ಹೆಚ್ಚಿನ ಡಿಪಿಐ ಸಾರ್ಥಕ.

ಕಪ್ಪು-ಬಿಳುಪು ಫಿಲ್ಮಿಗೆ ಇನ್‌ಫ್ರಾರೆಡ್ ಧೂಳು ನಿವಾರಣೆ ಪ್ರಯೋಜನಕ್ಕೆ ಬಾರದು. ಚಿತ್ರದ ಬೆಳ್ಳಿಯ ಕಣಗಳೇ ಆ ಕಿರಣವನ್ನು ತಡೆಯುತ್ತವೆ. ಆ ಸೌಲಭ್ಯವನ್ನು ನಿಲ್ಲಿಸಿ, ಮೃದುವಾದ ಕುಂಚದಿಂದ ಧೂಳನ್ನು ತೆಗೆಯಿರಿ.

ಬಣ್ಣ ಮಾಸಿದ ನೆಗೆಟಿವ್‌ಗಳನ್ನು 48 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿ, ತಿದ್ದುಪಡಿ ಮುಗಿದ ಮೇಲೆ 24 ಬಿಟ್‌ಗೆ ಇಳಿಸಿ ಉಳಿಸಬಹುದು. ಮೂಲಪ್ರತಿ ಟಿಫ್ ರೂಪದಲ್ಲಿರಲಿ. ಅದನ್ನು ಕುಗ್ಗಿಸುವಾಗ ಜಿಪ್ ವಿಧಾನ ಮೇಲು. ಎಲ್‌ಜೆಡ್‌ಡಬ್ಲ್ಯೂ ವಿಧಾನವು ಪ್ರತಿ ವರ್ಣಕ್ಕೆ 16 ಬಿಟ್ ಇರುವ ಕಡತವನ್ನು ಕೆಲವೊಮ್ಮೆ ಕುಗ್ಗಿಸುವ ಬದಲು ಹಿಗ್ಗಿಸುತ್ತದೆ. ಜೆಪೆಗ್ ಪ್ರತಿಯನ್ನು ಬಂಧುಗಳಿಗೆ ಕಳುಹಿಸಲು ಮಾತ್ರ ಬಳಸಬೇಕು. ತಿದ್ದಿ ಮತ್ತೆ ಮತ್ತೆ ಉಳಿಸಿದಂತೆಲ್ಲ ಅದರ ಗುಣಮಟ್ಟ ಕುಸಿಯುತ್ತದೆ.

ಕಡತಗಳ ಎರಡು ಪ್ರತಿಗಳನ್ನು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇರಿಸಿ, ಒಂದನ್ನು ಊರಿನ ಮನೆಗೆ ಕಳುಹಿಸಿಕೊಡಿ. ಅಲ್ಲಿರುವ ಹಿರಿಯರು ಚಿತ್ರದಲ್ಲಿರುವವರ ಹೆಸರುಗಳನ್ನು ಹೇಳಿದರೆ ಇಸವಿಯೊಡನೆ ಕಡತದ ಹೆಸರಿನಲ್ಲಿಯೇ ಬರೆದಿಡಬಹುದು. ನೆಗೆಟಿವ್‌ಗಳನ್ನು ಮಾತ್ರ ಎಸೆಯಬೇಡಿ. ಆಮ್ಲರಹಿತ ಕಾಗದದ ಲಕೋಟೆಯಲ್ಲಿರಿಸಿ, ಮನೆಯ ಅತ್ಯಂತ ತಂಪಾದ, ಒಣಗಿದ ಜಾಗದಲ್ಲಿಡಿ.