ಚೋಕಿನ ಗುಂಡಿ ಹೋದ ಮೇಲೆ

ಪುಷ್ಯಮಾಸದ ಮುಂಜಾವು. ನಾಲೆಯ ಬಯಲಿನ ಮಂಜು ಇನ್ನೂ ಕರಗಿಲ್ಲ. ಕಿರುಗಾವಲಿನಿಂದ ಬನ್ನೂರಿನ ಹಾದಿಯಾಗಿ ಮೈಸೂರಿನ ಆಸ್ಪತ್ರೆಗೆ ರೋಗಿಯೊಬ್ಬರನ್ನು ಕರೆದೊಯ್ಯಬೇಕು. ಕೀಲಿ ತಿರುಗಿಸಿದೊಡನೆ ಹಳೆಯ ಕಾರು ಹೊತ್ತಿಕೊಳ್ಳುತ್ತದೆ. ನಾಲ್ಕು ಸಲ ಗುಟುಕರಿಸಿ ನಿಂತುಬಿಡುತ್ತದೆ. ಮಧ್ಯಾಹ್ನ ಅದೇ ಕಾರು ಏನೂ ಅರಿಯದಂತೆ ಓಡುತ್ತದೆ. ಈ ಕಾಟವನ್ನು ನಿಮ್ಮಲ್ಲಿ ಅನೇಕರು ಅನುಭವಿಸಿರಬಹುದು. ಇದರ ಮೂಲ ತಿಳಿಯಬೇಕಾದರೆ ಚೋಕಿನ ಚರಿತ್ರೆಯನ್ನು ತುಸು ನೋಡಬೇಕು.

ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲು ಸುಲಭವಾಗಿ ಆವಿಯಾಗದು; ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಆದುದರಿಂದ ಗಾಳಿಗೆ ಬೆರೆಯುವ ಪೆಟ್ರೋಲಿನ ಪಾಲು ಹೆಚ್ಚಬೇಕು. ಎಣ್ಣೆಯೂ ಮಂದವಾಗಿರುವುದರಿಂದ ಎಂಜಿನ್ನು ಸುಮ್ಮನೆ ತಿರುಗುತ್ತಿರುವುದಕ್ಕೂ ಹೆಚ್ಚು ಗಾಳಿ ಬೇಕು. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಈ ಎರಡು ಲೆಕ್ಕವೂ ಡ್ರೈವರನ ಬೆರಳಿನಲ್ಲಿತ್ತು. ಚೋಕಿನ ಗುಂಡಿ ಎಳೆದರೆ ಪೆಟ್ರೋಲಿನ ಪಾಲು ಏರುತ್ತಿತ್ತು, ಥ್ರಾಟಲ್ಲೂ ಒಂದಿಷ್ಟು ತೆರೆಯುತ್ತಿತ್ತು. ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟು, ಬಿಸಿಯೇರಿದಂತೆಲ್ಲ ಗುಂಡಿಯನ್ನು ಒಳಕ್ಕೆ ತಳ್ಳುವುದು ಒಳ್ಳೆಯ ಡ್ರೈವರನ ಲಕ್ಷಣವಾಗಿತ್ತು.

ಇಂಜೆಕ್ಷನ್ ಎಂಬ ಮಾತು ನಮ್ಮ ನಾಡಿಗೆ ಬಂದುದು ಡೀಸೆಲಿನ ಜೊತೆಯಲ್ಲಿ. 1951ರಲ್ಲಿ ಸ್ಥಾಪಿತವಾದ ಮೈಕೋ ಸಂಸ್ಥೆ ಬೆಂಗಳೂರಿನಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ತಯಾರಿಸಿತು. ಆದರೆ ಡೀಸೆಲಿನ ಜಾಡೇ ಬೇರೆ; ಅದಕ್ಕೆ ಇಂಥ ಚೋಕಿಲ್ಲ. ಪೆಟ್ರೋಲ್ ಕಾರಿಗೆ ಎಲೆಕ್ಟ್ರಾನಿಕ್ ಇಂಜೆಕ್ಷನ್ನನ್ನು ಜರ್ಮನಿಯ ಬಾಷ್ ಸಂಸ್ಥೆ 1967ರಲ್ಲಿ ಫೋಕ್ಸ್‌ವ್ಯಾಗನ್ 1600ರಲ್ಲಿ ತಂದಿತು. ಭಾರತದಲ್ಲಿ 2000ದ ಹೊಗೆ ನಿಯಮಗಳ ಸುಮಾರಿಗೆ ಮಾರುತಿ 800ರಂತಹ ಸಣ್ಣ ಕಾರಿಗೂ ಅದು ಬಂತು. ಗುಂಡಿ ಹೋಯಿತೇ ಹೊರತು ಅದರ ಕೆಲಸ ಹೋಗಲಿಲ್ಲ. ರೇಡಿಯೇಟರ್ ನೀರಿನ ಬಿಸಿ ಅಳೆಯುವ ಸೆನ್ಸರಿನ ಮಾತು ಕೇಳಿ ಕಂಪ್ಯೂಟರು ಪೆಟ್ರೋಲನ್ನು ಹೆಚ್ಚಿಸುತ್ತದೆ. ಐಡಲ್ ವಾಲ್ವು ಗಾಳಿ ಒದಗಿಸುತ್ತದೆ.

ಈಗ ರೋಗಪರೀಕ್ಷೆಗೆ ಬನ್ನಿ. ಹೊತ್ತಿಕೊಂಡು ನಿಲ್ಲುವ ಕಾರಿನಲ್ಲಿ ಕಿಡಿಯೂ ಪೆಟ್ರೋಲೂ ಅಷ್ಟಿಷ್ಟಾದರೂ ಇವೆಯೆಂದಾಯಿತು. ಆಕ್ಸಿಲರೇಟರನ್ನು ಕೊಂಚವೇ ಒತ್ತಿ ಹಿಡಿಯಿರಿ. ಜೀವ ಉಳಿದರೆ ಗಾಳಿಯ ದಾರಿಯನ್ನು ಶಂಕಿಸಿ: ಮಸಿ ಕಟ್ಟಿದ ಥ್ರಾಟಲ್, ಸಿಕ್ಕಿಕೊಂಡ ಐಡಲ್ ವಾಲ್ವು. ಒತ್ತಿದರೂ ಮುಗ್ಗರಿಸಿ ಸತ್ತರೆ ಪೆಟ್ರೋಲು ಸಾಲುತ್ತಿಲ್ಲ, ಅಥವಾ ಹರಿದ ರಬ್ಬರ್ ಕೊಳವೆಯಿಂದ ಲೆಕ್ಕಕ್ಕೆ ಬಾರದ ಗಾಳಿ ನುಗ್ಗುತ್ತಿದೆ. ಎಂಜಿನ್ನು ತಿರುಗಿಸುವ ಮುನ್ನ ಕೀಲಿಯನ್ನು 'ಆನ್' ವರೆಗೆ ಮಾತ್ರ ತಿರುಗಿಸಿ, ಪಂಪಿನ ಸದ್ದು ನಿಂತ ಮೇಲೆ ಮತ್ತೊಮ್ಮೆ ಹಾಗೆಯೇ ಮಾಡಿ. ಆಗ ಸರಿಯಾಗಿ ಹೊರಟರೆ ರಾತ್ರಿಯಲ್ಲಿ ಒತ್ತಡ ಸೋರಿಹೋಗಿದೆಯೆಂದು ತಿಳಿಯಬಹುದು.

ಎಲ್ಲಕ್ಕಿಂತ ಮೋಸದ ಸಾಕ್ಷಿ ಆ ನೀರಿನ ಸೆನ್ಸರು. ಅದರ ವಿದ್ಯುತ್ ಪ್ರತಿರೋಧ ಸಾಮಾನ್ಯವಾಗಿ 20 ಡಿಗ್ರಿಯಲ್ಲಿ 2,000ದಿಂದ 3,000 ಓಮ್, 80 ಡಿಗ್ರಿಯಲ್ಲಿ ಸುಮಾರು 300. ನಿಖರವಾದ ಅಂಕಿ ಆಯಾ ಕಾರಿನ ಕೈಪಿಡಿಯಲ್ಲಿರುತ್ತದೆ. ಚಳಿಯಲ್ಲೂ ಅದು 'ಬಿಸಿಯಾಗಿದ್ದೇನೆ' ಎಂದುಬಿಟ್ಟರೆ ಕಂಪ್ಯೂಟರು ಪೆಟ್ರೋಲನ್ನು ಬಿಗಿಹಿಡಿಯುತ್ತದೆ. ಪಂಪು, ಪ್ಲಗ್ಗು ಎಂದು ಒಂದೊಂದನ್ನೇ ಬದಲಾಯಿಸಿ ಸಾವಿರಗಟ್ಟಲೆ ಸುರಿದವರ ಕಾರಿನಲ್ಲಿಯೂ ಈ ಪುಟ್ಟ ಸೆನ್ಸರು ಹಾಗೆಯೇ ಉಳಿದಿರುವುದುಂಟು.

ಮತ್ತೊಂದು ಮಾತು. ಬಿಸಿಲೇರಿದ ಮೇಲೆ ಕಾರನ್ನು ಓಡಿಸಿಕೊಂಡು ಹೋಗಿ ಮೆಕ್ಯಾನಿಕ್ಕಿಗೆ ತೋರಿಸಿದರೆ ರೋಗ ಅಷ್ಟರಲ್ಲಿ ಅಡಗಿರುತ್ತದೆ. ಹಿಂದಿನ ಸಂಜೆಯೇ ಅವರಲ್ಲಿ ಬಿಟ್ಟು ಬನ್ನಿ; ಬೆಳಿಗ್ಗೆ ಕೀಲಿ ಮುಟ್ಟುವ ಮೊದಲೇ ಮೀಟರು ಹಿಡಿಯುವಂತೆ ಹೇಳಿ.